ಟ್ರೇಲರಿನ ಮೂತಿಯ ಮೇಲೆ ಎರಡು ಸಿಲಿಂಡರ್

ಊರಿನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತ ಗ್ಯಾಸ್ ಸಿಲಿಂಡರ್ ಖಾಲಿಯಾಗುವ ತನಕ ಜಾಗ ಬಿಟ್ಟು ಕದಲುವುದಿಲ್ಲ. ಅಮೆರಿಕದಲ್ಲಿ ಮೊದಲ ಸಲ ಟ್ರಾವೆಲ್ ಟ್ರೇಲರ್ ಎಳೆದುಕೊಂಡು ಹೊರಡುವ ನಮ್ಮವರಿಗೆ ನಾನು ಮೊದಲು ಹೇಳುವ ಮಾತು ಇದೇ: ಇಲ್ಲಿ ಸಿಲಿಂಡರ್ ನಿಮ್ಮ ಬೆನ್ನ ಹಿಂದೆಯೇ ಹೆದ್ದಾರಿಯ ವೇಗದಲ್ಲಿ ಓಡುತ್ತಿರುತ್ತದೆ. ಕಾರಿಗೂ ಟ್ರೇಲರಿನ ಗೋಡೆಗೂ ನಡುವೆ, ಮೂತಿಯಂತೆ ಚಾಚಿಕೊಂಡ ಕಬ್ಬಿಣದ ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಎರಡು ಸಿಲಿಂಡರ್ ಅಕ್ಕಪಕ್ಕ ನಿಂತಿರುತ್ತವೆ. 20 ಪೌಂಡಿನ ಸಿಲಿಂಡರಿನಲ್ಲಿ ಸುಮಾರು 9 ಕೆಜಿ ಪ್ರೊಪೇನ್ ಹಿಡಿಯುತ್ತದೆ. ಉಕ್ಕಿನ ತೂಕವೂ ಸೇರಿದರೆ ಒಂದೊಂದೂ 17 ಕೆಜಿಯ ಹತ್ತಿರ. 30 ಪೌಂಡಿನದಾದರೆ ಒಂದೇ 25 ಕೆಜಿ ತೂಗುತ್ತದೆ. ಗಕ್ಕನೆ ಬ್ರೇಕ್ ಒತ್ತಿದಾಗ ಅಷ್ಟೂ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ.

ಬಿಗಿಯಾಗಿ ಕಟ್ಟಬೇಕು ಎನ್ನುವುದು ಯಾರಿಗಾದರೂ ಗೊತ್ತು. ನೆಟ್ಟಗೆ ನಿಲ್ಲಿಸಿ ಕಟ್ಟಬೇಕು ಎನ್ನುವುದು ಅದಕ್ಕಿಂತ ಮುಖ್ಯ. ಸಿಲಿಂಡರಿನ ಒಳಗೆ ಕೆಳಗಡೆ ದ್ರವ, ಅದರ ಮೇಲೆ ಅನಿಲ. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕೆಂದೇ ನೂರಕ್ಕೆ ಎಂಬತ್ತರಷ್ಟು ಮಾತ್ರ ತುಂಬಿಸುತ್ತಾರೆ. ಒತ್ತಡ ಮಿತಿಮೀರಿದರೆ ವಾಲ್ವಿನಲ್ಲೇ ಇರುವ ಸುರಕ್ಷತಾ ರಂಧ್ರ ತೆರೆದು ಅನಿಲವನ್ನು ಹೊರಬಿಡುತ್ತದೆ. ಸಿಲಿಂಡರ್ ಮಗ್ಗುಲಾದರೆ ಆ ರಂಧ್ರದ ಬಾಯಿಗೆ ಅನಿಲದ ಬದಲು ದ್ರವ ಬಂದು ನಿಲ್ಲುತ್ತದೆ. ಹೊರಬಿದ್ದ ಒಂದು ಲೀಟರ್ ದ್ರವ ಸುಮಾರು 270 ಲೀಟರ್ ಅನಿಲವಾಗುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಹಾಗಾಗಿ ಮೇಲೆ ಹಾರಿಹೋಗದೆ ನೆಲಕ್ಕೆ ಇಳಿದು, ತಗ್ಗಿನಲ್ಲಿ ತಂಗಿ, ಕಿಡಿಗಾಗಿ ಕಾಯುತ್ತದೆ.

ಈಗ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಹೊಸಬರು ಮೋಸಹೋಗುವುದೇ ಈ ಮುಚ್ಚಳದಿಂದ. ಅದು ಮಳೆ, ಬಿಸಿಲು, ದೂಳಿಗೆ ಅಡ್ಡವೇ ಹೊರತು ಸಿಲಿಂಡರನ್ನು ಹಿಡಿದಿಡುವುದಿಲ್ಲ. ಅದರ ಅಡಿಯಲ್ಲಿ ನೋಡಿ: ಸಿಲಿಂಡರಿನ ಕಾಲುಬಳೆ ಒಂದು ಲೋಹದ ತಟ್ಟೆಯ ಅಂಚಿನೊಳಗೆ ಕೂತಿರುತ್ತದೆ. ಎರಡೂ ಸಿಲಿಂಡರುಗಳ ನಡುವಿನಿಂದ ಥ್ರೆಡ್ ಇರುವ ಒಂದು ಉದ್ದ ಕಂಬಿ ಮೇಲಕ್ಕೆ ಬಂದಿರುತ್ತದೆ. ಅದರ ತುದಿಯಲ್ಲಿ ಎರಡೂ ಸಿಲಿಂಡರಿನ ಕೊರಳಪಟ್ಟಿಯನ್ನು ಒತ್ತಿ ಹಿಡಿಯುವ ಅಡ್ಡಪಟ್ಟಿ, ಅದರ ಮೇಲೆ ಎರಡು ಕಿವಿಗಳ ವಿಂಗ್ ನಟ್. ಒಂದು ಕಂಬಿ, ಒಂದು ನಟ್. ಬಹಳಷ್ಟು ಟ್ರೇಲರುಗಳಲ್ಲಿ ಎರಡೂ ಸಿಲಿಂಡರ್ ನಿಂತಿರುವುದು ಇಷ್ಟರ ಬಲದ ಮೇಲೆಯೇ.

ನಟ್ ಒಮ್ಮೆಲೇ ಕಳಚಿ ಬೀಳುವುದಿಲ್ಲ. ರಸ್ತೆಯ ನಡುಕಕ್ಕೆ ಎಳ್ಳಷ್ಟು ಎಳ್ಳಷ್ಟೇ ತಿರುಗುತ್ತದೆ. ನಮ್ಮ ಮೊದಲ ಪ್ರವಾಸದಲ್ಲಿ ಜಲ್ಲಿ ರಸ್ತೆಯೊಂದನ್ನು ದಾಟಿ ಬಿಡಾರ ಹೂಡಿದ ಸಂಜೆ ಮುಚ್ಚಳ ಎತ್ತಿದರೆ, ಬೆಳಿಗ್ಗೆ ನಾನೇ ಬಿಗಿದಿದ್ದ ನಟ್ಟು ಬೆರಳ ತುದಿಗೇ ತಿರುಗುತ್ತಿತ್ತು. ಸಿಲಿಂಡರಿನ ಬಣ್ಣ ಅಡ್ಡಪಟ್ಟಿಯ ಕೆಳಗೆ ಉಜ್ಜಿ ಹೋಗಿ, ಬೆಳ್ಳಗೆ ಉಕ್ಕು ಕಾಣುತ್ತಿತ್ತು. ಆವತ್ತಿನಿಂದ ನಾನು ನಟ್ಟನ್ನು ನೋಡಿ ನಂಬುವುದಿಲ್ಲ. ಸಿಲಿಂಡರಿನ ಕೊರಳನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸುತ್ತೇನೆ. ಅದರ ಜೊತೆಗೆ ಟ್ರೇಲರಿನ ಮೂತಿಯೂ ಅಲುಗಿದರೆ ಸರಿಯಾಗಿದೆ. ಸಿಲಿಂಡರ್ ಒಂದೇ ಅಲುಗಿದರೆ ಮತ್ತೆ ಬಿಗಿಯಬೇಕು. ವಿಂಗ್ ನಟ್ಟಿನ ಮೇಲೆ ಇನ್ನೊಂದು ನಟ್ ಹಾಕಿ ಎರಡನ್ನೂ ಒಂದಕ್ಕೊಂದು ಕಚ್ಚಿಸುವುದು ಒಳ್ಳೆಯ ಅಭ್ಯಾಸ. ಕಂಬಿಯ ಬುಡದಲ್ಲಿ ತುಕ್ಕು, ಥ್ರೆಡ್ ಸವೆತ, ತಟ್ಟೆಯ ಬೆಸುಗೆಯಲ್ಲಿ ಬಿರುಕು ಕಂಡರೆ ಆ ಭಾಗವನ್ನೇ ಬದಲಿಸಿ. ಹಗ್ಗ ಅಥವಾ ರಬ್ಬರಿನ ಕೊಕ್ಕೆಪಟ್ಟಿ ಸುತ್ತಿ ಸಮಾಧಾನಪಟ್ಟುಕೊಳ್ಳಬೇಡಿ. ರಬ್ಬರು ಹಿಗ್ಗುವ ವಸ್ತು, ಭಾರ ನುಗ್ಗಿದಾಗ ಅದೂ ಹಿಗ್ಗುತ್ತದೆ.

ಇನ್ನೊಂದು ತಪ್ಪು ನಾನು ಪದೇಪದೇ ಕಾಣುತ್ತೇನೆ. ಒಂದು ಸಿಲಿಂಡರ್ ಖಾಲಿಯಾಗಿ ತುಂಬಿಸಲು ಕೊಟ್ಟು, ಉಳಿದ ಒಂದರ ಜೊತೆಯೇ ಟ್ರೇಲರ್ ಎಳೆದುಕೊಂಡು ಹೊರಡುವುದು. ಅಡ್ಡಪಟ್ಟಿ ತಕ್ಕಡಿಯ ದಂಡಿಗೆಯಂತೆ, ಎರಡೂ ಕಡೆ ಆಸರೆಯಿದ್ದರೆ ಮಾತ್ರ ಸಮನಾಗಿ ಒತ್ತುತ್ತದೆ. ಒಂದು ಕಡೆ ಬರಿದಾದರೆ ಪಟ್ಟಿ ವಾಲಿ, ಇದ್ದ ಸಿಲಿಂಡರಿನ ಹಿಡಿತವೂ ತಪ್ಪುತ್ತದೆ. ಖಾಲಿಯದನ್ನಾದರೂ ಜಾಗಕ್ಕೆ ಕೂರಿಸಿ ಹೊರಡಿ.

ತುಂಬಿದ ಸಿಲಿಂಡರ್ ತಂದಾಗ ಮೊದಲು ತಟ್ಟೆಯಲ್ಲಿ ಕೂರಿಸಿ ಬಿಗಿಯಿರಿ, ಆಮೇಲೆ ರಬ್ಬರ್ ಪೈಪು ಜೋಡಿಸಿ. ಉಲ್ಟಾ ಮಾಡಿದರೆ ಬಿಗಿಯುವಾಗ ಸಿಲಿಂಡರ್ ತಿರುಗಿ ಪೈಪು ಹೊಸೆದುಕೊಳ್ಳುತ್ತದೆ. ಈಗಿನ ಜೋಡಣೆಗಳಲ್ಲಿ ದೊಡ್ಡ ಪ್ಲಾಸ್ಟಿಕ್ ತಿರುಗಣೆ ಇರುತ್ತದೆ, ಕೈಯ ಬಿಗಿಯೇ ಸಾಕು, ಸ್ಪ್ಯಾನರ್ ಹಾಕಬಾರದು. ವಾಲ್ವನ್ನು ನಿಧಾನವಾಗಿ ತೆರೆದು ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ವಾಲ್ವ್ ಮುಚ್ಚಿ, ಜೋಡಣೆ ಬಿಚ್ಚಿ ಮತ್ತೆ ಹಾಕಿ. ಮತ್ತೂ ಗುಳ್ಳೆ ಬಂದರೆ ಬಲ್ಲವರಿಗೆ ತೋರಿಸುವ ತನಕ ಬಳಸಬೇಡಿ. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಧೈರ್ಯ ಬೇಡವೇ ಬೇಡ.

ಊರಿನ 14.2 ಕೆಜಿಯ ಸಿಲಿಂಡರಿನಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರದ ಜೊತೆ ವರ್ಷ ಬರೆದಿರುವುದನ್ನು ನೋಡಿದ್ದೀರಲ್ಲ, ಬಿ-27 ಎಂದರೆ ಮರುಪರೀಕ್ಷೆಗೆ 2027ರ ಜೂನ್ ತನಕ ಗಡುವು. ಇಲ್ಲಿ ತಯಾರಾದ ತಿಂಗಳು, ವರ್ಷವನ್ನು ಕೊರಳಪಟ್ಟಿಯ ಮೇಲೆ ಒತ್ತಿರುತ್ತಾರೆ. ಮರುಪರೀಕ್ಷೆಯ ಅವಧಿ ಮೀರಿದ್ದರೆ ತುಂಬಿಸಿಕೊಡುವುದಿಲ್ಲ.

ತುಂಬಿಸಲು ಕಾರಿನಲ್ಲಿ ಒಯ್ಯುವಾಗಲೂ ನಿಯಮ ಬದಲಾಗದು: ನೆಟ್ಟಗೆ, ಅಲುಗದಂತೆ. 20 ಪೌಂಡಿನ ಸಿಲಿಂಡರ್ ಹಾಲಿನ ಪ್ಲಾಸ್ಟಿಕ್ ಕ್ರೇಟಿನಲ್ಲಿ ಚೆನ್ನಾಗಿ ಕೂರುತ್ತದೆ. ಕಿಟಕಿ ತೆರೆದಿಡಿ, ನಡುವೆ ಎಲ್ಲೂ ನಿಲ್ಲಿಸದೆ ನೇರ ಬನ್ನಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಟ್ಟು ಅಂಗಡಿಗೆ ಹೋಗಬೇಡಿ.

ಟ್ರೇಲರ್ ಹೊರಡುವ ಮುನ್ನ ಎರಡೂ ವಾಲ್ವ್ ಮುಚ್ಚಿ. ಗ್ಯಾಸಿನ ಫ್ರಿಜ್ ನಡೆಯಲೆಂದು ಕೆಲವರು ತೆರೆದೇ ಓಡಿಸುತ್ತಾರೆ, ನಾನು ಒಪ್ಪುವುದಿಲ್ಲ. ಕೆಲವು ಗಂಟೆ ಮುಚ್ಚಿದ ಫ್ರಿಜ್ಜಿನ ತಂಪು ಎಲ್ಲಿಗೂ ಹೋಗದು. ದಾರಿಯನ್ನೂ ನೋಡಿಕೊಳ್ಳಿ. ವರ್ಜೀನಿಯಾದ ಚೆಸಾಪೀಕ್ ಕೊಲ್ಲಿಯ ಸೇತುವೆ-ಸುರಂಗದಲ್ಲಿ ವಾಲ್ವ್ ಮುಚ್ಚಿದ್ದರೆ ಬಿಡುತ್ತಾರೆ. ಬಾಲ್ಟಿಮೋರಿನ ಎರಡು ಸುರಂಗಗಳಲ್ಲಿ ಟ್ರೇಲರಿನ ಈ ಸಿಲಿಂಡರುಗಳಿಗೆ ಪ್ರವೇಶವೇ ಇಲ್ಲ. ಮೊದಲು ಅಂಥ ಟ್ರೇಲರುಗಳಿಗೆ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ದಾರಿಯಿತ್ತು. 2024ರ ಮಾರ್ಚಿನಲ್ಲಿ ಹಡಗು ಬಡಿದು ಅದು ಕುಸಿದ ಮೇಲೆ, ನಗರದ ಪಶ್ಚಿಮಕ್ಕೆ ಸುತ್ತುವ 695 ಸಂಖ್ಯೆಯ ವರ್ತುಲ ರಸ್ತೆಯನ್ನೇ ಹಿಡಿಯಬೇಕು. ಹೊರಟ ಐವತ್ತು ಮೈಲಿಗೆ ಹೇಗೂ ಚಹಾಕ್ಕೆ ನಿಲ್ಲುತ್ತೀರಿ. ಆಗ ಮುಚ್ಚಳ ಎತ್ತಿ, ಸಿಲಿಂಡರಿನ ಕೊರಳು ಹಿಡಿದು ಇನ್ನೊಮ್ಮೆ ಅಲುಗಿಸಿ ನೋಡಿ.