ಗಾಡಿ ಅವನದು, ಓಟ ನನ್ನದು

ಕೋಲಾರದ ಟೊಮ್ಯಾಟೊ ಲಾರಿ ಚೆನ್ನೈನ ಕೋಯಂಬೇಡು ಮಾರ್ಕೆಟ್ಟು ಮುಟ್ಟುವುದು ನಡುರಾತ್ರಿ. 1996ರಲ್ಲಿ ಶುರುವಾದ ಈ ಮಾರ್ಕೆಟ್ಟಿಗೆ ಅದೇ ಬೆಳಗು. ಹದಿನೈದು ಕಿಲೋ ಬಾಕ್ಸುಗಳು ಇಳಿದು, ಐದು ಗಂಟೆಯೊಳಗೆ ಹೋಟೆಲುಗಳ ಅಡುಗೆಮನೆ ಸೇರಬೇಕು. ನಮ್ಮ ಮಂಡಿಯಲ್ಲಿ ಆ ಕೆಲಸಕ್ಕೆ ಆರು ಹುಡುಗರಿದ್ದರು. ಬೈಕು ಅವರವರದೇ. ದಿನದ ಪೆಟ್ರೋಲ್ ದುಡ್ಡು ಕೊಟ್ಟರೆ ನನ್ನ ಹೊಣೆ ತೀರಿತು ಎಂದು ನಂಬಿದ್ದೆ.

ಒಂದು ಕಾರ್ತಿಕದ ಮಳೆಯ ನಸುಕಿನಲ್ಲಿ ಪೂನಮಲ್ಲಿ ಹೈರೋಡಿನಲ್ಲಿ ಶ್ರೀನಿವಾಸಪುರ ಕಡೆಯ ಹುಡುಗ ಬೈಕಿನಿಂದ ಜಾರಿಬಿದ್ದ. ಕಾಲು ಮುರಿಯಿತು. ಬಿದ್ದಿದ್ದ ಗಾಡಿಯ ಹಿಂದಿನ ಟೈರಿನ ಮೇಲೆ ಕೈಯಾಡಿಸಿದೆ. ಒಂದು ಗೆರೆಯೂ ಉಳಿದಿರಲಿಲ್ಲ. "ಮುಂದಿನ ತಿಂಗಳು ಹಾಕಿಸೋಣ ಅಂತಿದ್ದೆ ಅಣ್ಣಾ" ಎಂದ ಆಸ್ಪತ್ರೆಯಲ್ಲಿ. ಅವನ ಮೊಬೈಲಿನಲ್ಲಿ ಮೂರು ಮಿಸ್ಡ್ ಕಾಲ್ ಇದ್ದವು. ಮೂರೂ ನನ್ನವೇ.

ಇನ್ಶೂರೆನ್ಸ್ ಕಟ್ಟಿದ್ದ. ಆದರೆ ಸ್ವಂತ ಬಳಕೆಯ ಬೈಕಿನ ಪಾಲಿಸಿಯಲ್ಲಿ ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸಲು ಅವಕಾಶವಿಲ್ಲ. ಓನರ್-ಡ್ರೈವರ್‌ಗೆ ಸಿಗುವ 15 ಲಕ್ಷದ ಅಪಘಾತ ವಿಮೆ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ವಾಸಿಯಾಗುವ ಕಾಲಿಗೆ ಅದರಿಂದ ಬಿಡಿಗಾಸೂ ಇಲ್ಲ. ಕೆಲಸದ ಮೇಲೆ ಹೋಗುವಾಗ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕನದೇ, ಗಾಡಿ ಯಾರದಾದರೂ ಸರಿ. ಆಸ್ಪತ್ರೆ ಬಿಲ್ಲನ್ನೂ ಅವನು ಮನೆಯಲ್ಲಿದ್ದ ನಾಲ್ಕು ತಿಂಗಳ ಸಂಬಳವನ್ನೂ ಕೊಟ್ಟೆ. ಅದು ಉಪಕಾರವಲ್ಲ, ಬಾಕಿ.

ಆಮೇಲೆ ಪದ್ಧತಿ ಬದಲಿಸಿದೆ. ಸರಕೆಲ್ಲ ಈಗ ಹಳದಿ ಬೋರ್ಡಿನ ಟೆಂಪೋದಲ್ಲಿ ಹೋಗುತ್ತದೆ. ಬೈಕು ಆರ್ಡರ್ ತರಲು, ಬಾಕಿ ವಸೂಲಿಗೆ ಮಾತ್ರ. ದುಡ್ಡು ಕಿಲೋಮೀಟರ್ ಲೆಕ್ಕದಲ್ಲಿ ಕೊಡುತ್ತೇನೆ. ಅದರಲ್ಲಿ ಟೈರು, ಆಯಿಲ್, ಬ್ರೇಕ್, ಇನ್ಶೂರೆನ್ಸ್ ಎಲ್ಲದರ ಪಾಲೂ ಸೇರಿದೆ. ಗಾಡಿ ಸವೆಯುವುದು ನನ್ನ ವ್ಯಾಪಾರಕ್ಕೆ. ಆ ಸವೆತ ಅವರ ಸಂಬಳದಿಂದ ಹೋಗಬಾರದು. ಲೈಸೆನ್ಸ್, ಇನ್ಶೂರೆನ್ಸ್, ಹೊಗೆ ತಪಾಸಣೆ ಮುಗಿಯುವ ತಾರೀಖುಗಳನ್ನು ಮಂಡಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ. ತಿಂಗಳ ಒಂದನೇ ತಾರೀಖು ಸಂಬಳ ಎಣಿಸುವ ಮೊದಲು ಟೈರು ಮುಟ್ಟಿ ನೋಡುತ್ತೇನೆ. ರಾತ್ರಿ ಲಾರಿ ಇಳಿಸಿದವನಿಗೆ ಬೆಳಿಗ್ಗೆ ಗಾಡಿ ಓಡಿಸಲು ಬಿಡುವುದಿಲ್ಲ, ನಿದ್ದೆ ಮಾಡಿ ಬಾ ಎನ್ನುತ್ತೇನೆ.

ಕಷ್ಟವಾದದ್ದು ಫೋನ್ ಮಾಡುವುದನ್ನು ಬಿಡುವುದು. ಟೆಂಪೋ ತಡವಾದ ದಿನ ಐದೂಕಾಲಿಗೆ ಹೋಟೆಲಿನವರು "ಎಲ್ಲಿ ನಿಮ್ಮ ಹುಡುಗ?" ಎಂದು ಕೇಳುತ್ತಾರೆ. ಮೊದಲಾದರೆ ಆ ಅವಸರವನ್ನು ಹಾಗೇ ಅವನ ಕಿವಿಗೆ ದಾಟಿಸುತ್ತಿದ್ದೆ. ಈಗ "ದಾರಿಯಲ್ಲಿದ್ದಾನೆ, ಬರುತ್ತಾನೆ" ಎಂದು ಹೇಳಿ ಬೈಗುಳ ನಾನೇ ಕೇಳಿಸಿಕೊಳ್ಳುತ್ತೇನೆ. ಅವನಿಗೆ ಫೋನ್ ಮಾಡುವುದಿಲ್ಲ.