ನಾರಿಗೂ ಒಂದು ಪಟ್ಟೆ ಸೆಣಬು

ಲಿನನ್ ಬಟ್ಟೆಯ ನಾರು ಬರುವುದು ಅಗಸೆ ಗಿಡದ ಕಾಂಡದಿಂದ. ಉತ್ತರ ಕರ್ನಾಟಕದ ಅಗಸೆ ಎಣ್ಣೆಗೂ ಚಟ್ನಿಪುಡಿಗೂ ಬೆಳೆಯುವಂಥದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದವರಿಗೆ ಕೈಗೆಟಕುವ ನಾರಿನ ಗಿಡವೆಂದರೆ ಅಪ್ಸೆಣಬು. ಇದರ ನಾರು ಅಂಗಿಗಲ್ಲ, ಹಗ್ಗಕ್ಕೆ. ಆದರೆ ಕಾಂಡ ಕೊಳೆಸಿ ನಾರು ಬಿಡಿಸುವ ಮೂಲಕ್ರಮ ಎರಡಕ್ಕೂ ಒಂದೇ. ತೆಂಗಿನ ನಾರಿರುವಾಗ ಇದೇಕೆ ಎನ್ನಬಹುದು. ಎತ್ತಿನ ಮೂಗುದಾರಕ್ಕೆ ತೆಂಗಿನ ನಾರು ಬಲು ಒರಟು.

ಮುಂಗಾರಿನಲ್ಲಿ ಗೊಬ್ಬರಕ್ಕೆಂದು ಚೆಲ್ಲಿದ ಸೆಣಬನ್ನು ಹೂ ಬರುವ ಹೊತ್ತಿಗೆ, ಸುಮಾರು 45-50 ದಿನಕ್ಕೆ, ಉತ್ತು ಮಣ್ಣಿಗೆ ಸೇರಿಸುತ್ತೇವೆ. ಎಳೆಯದಾದರೆ ಬೇಗ ಕೊಳೆಯುತ್ತದೆ. ನಾರಿಗಾದರೋ ಕಾಯಿ ಕಟ್ಟುವವರೆಗೆ, ಸುಮಾರು 90 ದಿನ, ಕಾಯಬೇಕು. ಒಂದೇ ಗಿಡದಿಂದ ಎರಡನ್ನೂ ಬಯಸಿದರೆ ಎರಡೂ ಕೆಡುತ್ತವೆ. ಆದ್ದರಿಂದ ಬಿಸಿಲು ಬೀಳುವ ಅಂಚಿನಲ್ಲಿ ಒಂದು ಪಟ್ಟೆಯನ್ನು ಬೇರೆಯಾಗಿ, ಒತ್ತಾಗಿ ಬಿತ್ತಿರಿ. ಒತ್ತಾಗಿದ್ದರೆ ಗಿಡ ಕವಲೊಡೆಯದೆ ನೆಟ್ಟಗೆ ಬೆಳೆದು ಎಳೆ ಉದ್ದ ಬರುತ್ತದೆ.

ಕೊಯ್ದು ಕಂತೆ ಕಟ್ಟಿ ಎರಡು ಮೂರು ದಿನ ಅಲ್ಲೇ ಬಿಡಿ. ಉದುರಿದ ಎಲೆ ತೋಟಕ್ಕೇ ಗೊಬ್ಬರವಾಗುತ್ತದೆ. ಬುಡದ ತೊಗಟೆ ದಪ್ಪ. ಮೊದಲ ದಿನ ಬುಡವನ್ನಷ್ಟೇ ನೀರಿನಲ್ಲಿ ನಿಲ್ಲಿಸಿ, ಆಮೇಲೆ ಕಂತೆ ಮಲಗಿಸಿ ಕಲ್ಲು ಹೇರಿ ಮುಳುಗಿಸಬೇಕು. ಕೆರೆಕಟ್ಟೆಗೆ ಹಾಕಬೇಡಿ, ಮೀನು ಸಾಯುತ್ತದೆ, ದನಗಳಿಗೂ ಆ ನೀರು ಆಗದು; ತೋಟದಲ್ಲೊಂದು ಗುಂಡಿ ಸಾಕು. ನಾಲ್ಕನೆಯ ದಿನದಿಂದ ದಿನವೂ ಒಂದು ಕಡ್ಡಿ ತೆಗೆದು ಬುಡದಲ್ಲಿ ಸುಲಿದು ನೋಡಿ. ತೊಗಟೆ ಸಲೀಸಾಗಿ ಬಿಟ್ಟುಬಂದರೆ ಅಂದೇ ತೆಗೆಯಬೇಕು. ಒಮ್ಮೆ ನಾವು ಮದುವೆಗೆಂದು ಹೋಗಿ ಎರಡು ದಿನ ತಡಮಾಡಿದೆವು. ನಾರು ನೋಡಲು ಬೆಳ್ಳಗಿತ್ತು, ಹೊಸೆಯುವಾಗಲೇ ತುಂಡಾಯಿತು. ಮೂರು ತಿಂಗಳ ಬೆಳೆ ತಿಪ್ಪೆಗೆ ಹೋಯಿತು.

ಸುಲಿದ ನಾರನ್ನು ಒಳ್ಳೆಯ ನೀರಿನಲ್ಲಿ ಜಾಲಿಸಿ, ಹಿಂಡಿ, ಗಳುವಿನ ಮೇಲೆ ಹರಡಿ ಒಣಗಿಸಿರಿ. ಉಳಿದ ಕಡ್ಡಿ ಒಲೆಗಾಗುತ್ತದೆ.