ಸಮುದಾಯದಲ್ಲಿ ಪೋಷಕರ ಶಿಕ್ಷಣ: ಫಲವನ್ನು ಅಳೆಯುವ ಬಗೆ

ಹುಟ್ಟಿನಿಂದ ಮೂರು ವರ್ಷಗಳವರೆಗಿನ ಅವಧಿಯಲ್ಲಿ ಮಗುವಿನ ಮೆದುಳು ಅತಿ ವೇಗವಾಗಿ ಬೆಳೆಯುತ್ತದೆ. ಆಗ ಮಗು ಶಾಲೆಯಲ್ಲಿರುವುದಿಲ್ಲ. ತಾಯಿ, ತಂದೆ, ಅಜ್ಜಿ ಅಥವಾ ಅಕ್ಕನ ಮಡಿಲಲ್ಲಿರುತ್ತದೆ. ಆದುದರಿಂದ ಮಗುವಿಗೆ ನೆರವಾಗಬೇಕಾದರೆ ಅದನ್ನು ಸಾಕುವವರಿಗೆ ನೆರವಾಗಬೇಕು ಎಂಬ ತತ್ತ್ವದ ಮೇಲೆ ಪೋಷಕರ ಶಿಕ್ಷಣ ಕಾರ್ಯಕ್ರಮಗಳು ರೂಪುಗೊಂಡಿವೆ.

ನಮ್ಮ ದೇಶದಲ್ಲಿ ಈ ಕಾರ್ಯದ ಮುಖ್ಯ ನೆಲೆ ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆಯು 1975ರ ಅಕ್ಟೋಬರ್ 2ರಂದು 33 ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಮತ್ತು ಮುಂಬಯಿಯ ಧಾರಾವಿ ಮೊದಲ ಪ್ರದೇಶಗಳ ಪೈಕಿ ಸೇರಿದ್ದವು. 15ರಿಂದ 45 ವರ್ಷ ವಯಸ್ಸಿನ ಮಹಿಳೆಯರಿಗೆ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ನೀಡುವುದು ಆ ಯೋಜನೆಯ ಆರು ಸೇವೆಗಳಲ್ಲಿ ಒಂದಾಗಿತ್ತು. ಇದಕ್ಕಾಗಿ ತಾಯಂದಿರ ಸಭೆ, ಮನೆ ಭೇಟಿ ಮೊದಲಾದವು ನಡೆಯುತ್ತ ಬಂದಿವೆ.

ಆದರೆ ಸಭೆ ನಡೆಯಿತು ಎಂಬುದು ಒಂದು ಸಂಗತಿ. ಸಭೆಯಿಂದ ಮಗುವಿಗೆ ಪ್ರಯೋಜನವಾಯಿತು ಎಂಬುದು ಬೇರೊಂದು ಸಂಗತಿ. ಹಾಜರಿ ಪುಸ್ತಕವು ಮೊದಲನೆಯದನ್ನು ಮಾತ್ರ ತಿಳಿಸುತ್ತದೆ. ಕೂಲಿ ಬಿಟ್ಟು ಬಂದು ಕುಳಿತ ತಾಯಿಯ ಒಂದು ಗಂಟೆಗೂ ಬೆಲೆಯಿದೆ. ಆ ಗಂಟೆ ವ್ಯರ್ಥವಾಗಲಿಲ್ಲವೆಂದು ತೋರಿಸುವ ಹೊಣೆ ಕಾರ್ಯಕ್ರಮ ನಡೆಸುವವರದು.

ಅಳತೆಯಲ್ಲಿ ಎದುರಾಗುವ ತೊಡಕುಗಳು

ಒಂದು ವರ್ಷದ ಮಗುವನ್ನು ಈ ದಿನ ಪರೀಕ್ಷಿಸಿ, ಹನ್ನೆರಡು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದರೆ ಅದು ಹೆಚ್ಚು ಮಾತನಾಡುತ್ತಿರುವುದು ಸಹಜ. ಕಾರ್ಯಕ್ರಮವೇ ಇಲ್ಲದಿದ್ದರೂ ಮಗು ಬೆಳೆಯುತ್ತಿತ್ತು. ಆದ್ದರಿಂದ 'ಮೊದಲು' ಮತ್ತು 'ಅನಂತರ'ದ ಹೋಲಿಕೆಯೊಂದೇ ಏನನ್ನೂ ಸಿದ್ಧಪಡಿಸುವುದಿಲ್ಲ. ಸಭೆಗೆ ಬಂದವರ ಮಕ್ಕಳನ್ನು ಬಾರದವರ ಮಕ್ಕಳೊಡನೆ ಹೋಲಿಸುವುದೂ ಸಮಂಜಸವಲ್ಲ; ತಾವಾಗಿ ಬರುವ ತಾಯಂದಿರಲ್ಲಿ ಆಸಕ್ತಿ, ಬಿಡುವು, ಮನೆಯವರ ಬೆಂಬಲ ಮೊದಲೇ ಹೆಚ್ಚಾಗಿರಬಹುದು. ಇನ್ನು ತಾಯಿಯನ್ನೇ ಕೇಳುವುದಾದರೆ, "ಮಗುವಿನೊಡನೆ ದಿನವೂ ಆಡುತ್ತೀರಾ?" ಎಂಬ ಪ್ರಶ್ನೆಗೆ, ಅದನ್ನು ಕಲಿಸಿದ ಕಾರ್ಯಕರ್ತೆಯ ಎದುರು "ಇಲ್ಲ" ಎನ್ನುವವರು ಕಡಿಮೆ.

ಈ ಕಾರಣಗಳಿಂದ ಸಂಶೋಧಕರು ಯಾವ ಕುಟುಂಬ ಅಥವಾ ಹಳ್ಳಿಗೆ ಕಾರ್ಯಕ್ರಮ ದೊರೆಯಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಮಗು ಯಾವ ಗುಂಪಿಗೆ ಸೇರಿದ್ದೆಂದು ತಿಳಿಯದ ಪರೀಕ್ಷಕರು ಎಲ್ಲ ಮಕ್ಕಳನ್ನೂ ಪರೀಕ್ಷಿಸುತ್ತಾರೆ. ಬಟ್ಟೆಯಡಿ ಅಡಗಿಸಿದ ಆಟಿಕೆಯನ್ನು ಹುಡುಕುವುದು, ಚಿತ್ರವನ್ನು ಬೆರಳಿನಿಂದ ತೋರಿಸುವುದು, ಮರದ ತುಂಡುಗಳನ್ನು ಒಂದರ ಮೇಲೊಂದು ಇಡುವುದು ಇಂತಹ ಪರೀಕ್ಷೆಗಳ ಮಾದರಿಗಳು. ಮನೆಯಲ್ಲಿ ಯಾವ ಆಟದ ವಸ್ತುಗಳಿವೆ, ಮಗುವಿನ ತೊದಲಿಗೆ ತಾಯಿ ಉತ್ತರಿಸುತ್ತಾಳೆಯೇ ಎಂಬುದನ್ನೂ ಪ್ರತ್ಯಕ್ಷವಾಗಿ ಗಮನಿಸುವುದುಂಟು.

ಜಮೈಕಾದಿಂದ ಒಡಿಶಾಕ್ಕೆ

ಈ ವಿಧಾನಕ್ಕೆ ಪ್ರಸಿದ್ಧವಾದ ನಿದರ್ಶನ ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ್ದು. 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಬಡ ಬಡಾವಣೆಗಳಲ್ಲಿ 9ರಿಂದ 24 ತಿಂಗಳ, ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಪೂರಕ ಆಹಾರ, ಕೆಲವರಿಗೆ ವಾರಕ್ಕೊಮ್ಮೆ ಮನೆ ಭೇಟಿ, ಕೆಲವರಿಗೆ ಎರಡೂ. ಉಳಿದವರಿಗೆ ಇವೆರಡೂ ಇರಲಿಲ್ಲ. ಭೇಟಿಗೆ ಬಂದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಮನೆಯ ವಸ್ತುಗಳಿಂದಲೇ ಮಾಡಿದ ಆಟಿಕೆಗಳನ್ನು ಹಿಡಿದು, ಮಗುವಿನೊಡನೆ ಆಡುವ ಬಗೆಯನ್ನು ತಾಯಿಗೆ ತೋರಿಸಿಕೊಟ್ಟರು. ಎರಡು ವರ್ಷಗಳ ಕಾಲ ಇದು ನಡೆಯಿತು. ಸುಮಾರು ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಪೈಕಿ 105 ಮಂದಿಯನ್ನು ಮತ್ತೆ ಸಂದರ್ಶಿಸಲಾಯಿತು. ಭೇಟಿ ಪಡೆದವರ ಗಳಿಕೆಯು ಪಡೆಯದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತೆಂದು 2014ರಲ್ಲಿ ವರದಿಯಾಯಿತು. ಸಣ್ಣ ಪ್ರಯೋಗವೆಂಬುದು ನಿಜ. ಆದರೆ ಅದೇ ಮಕ್ಕಳನ್ನು ಇಷ್ಟು ದೀರ್ಘಕಾಲ ಹಿಂಬಾಲಿಸಿದ ಪ್ರಯೋಗಗಳು ವಿರಳ.

ಇದೇ ಪಠ್ಯಕ್ರಮವನ್ನು ಸ್ಥಳೀಯ ಹಾಡು, ಆಟಗಳಿಗೆ ಹೊಂದಿಸಿ ಒಡಿಶಾದ ಕಟಕ್ ನಗರದ 54 ಕೊಳಚೆ ಪ್ರದೇಶಗಳಲ್ಲಿ 421 ಮಕ್ಕಳ ಮೇಲೆ ಹದಿನೆಂಟು ತಿಂಗಳು ಪರೀಕ್ಷಿಸಲಾಯಿತು. ಅಲ್ಲಿಯೂ ಮಕ್ಕಳ ಗ್ರಹಿಕೆ ಮತ್ತು ಭಾಷೆ ಉತ್ತಮಗೊಂಡವು. ಆದರೆ ಮನೆಮನೆಗೆ ಹೋಗುವುದು ದುಬಾರಿ. ತಾಯಂದಿರನ್ನು ಸಣ್ಣ ಗುಂಪಾಗಿ ಸೇರಿಸಿ ಕಲಿಸಿದರೆ ಸಾಲದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಒಡಿಶಾದ 192 ಹಳ್ಳಿಗಳಲ್ಲಿ ಇನ್ನೊಂದು ಅಧ್ಯಯನ ನಡೆಯಿತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶಗಳಂತೆ ಎರಡೂ ವಿಧಾನಗಳ ಲಾಭ ಹೆಚ್ಚುಕಡಿಮೆ ಒಂದೇ. ನೂರು ಮಕ್ಕಳನ್ನು ಸಾಮರ್ಥ್ಯಕ್ಕೆ ಅನುಗುಣವಾಗಿ ಸಾಲಾಗಿ ನಿಲ್ಲಿಸಿದರೆ, ಐವತ್ತನೆಯ ಸ್ಥಾನದ ಮಗು ಸುಮಾರು ಹತ್ತು ಹನ್ನೆರಡು ಸ್ಥಾನ ಮುಂದೆ ಸರಿದಷ್ಟು ಅದು. ವೆಚ್ಚ ಮಾತ್ರ ಬೇರೆ: ಮಗುವೊಂದಕ್ಕೆ ವರ್ಷಕ್ಕೆ ಮನೆ ಭೇಟಿಗೆ 135 ಡಾಲರ್, ಗುಂಪು ಸಭೆಗೆ 38 ಡಾಲರ್. ಬರಿಯ ಪೌಷ್ಟಿಕತೆಯ ಉಪದೇಶ ಪಡೆದ ಹಳ್ಳಿಗಳ ಮಕ್ಕಳ ಬೆಳವಣಿಗೆಯಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ. ಹೋಲಿಕೆಯ ಹಳ್ಳಿಗಳಿಲ್ಲದೆ ಹಾಜರಿ ಪುಸ್ತಕಗಳನ್ನಷ್ಟೇ ನೋಡಿದ್ದರೆ ಈ ವ್ಯತ್ಯಾಸಗಳು ಎಂದಿಗೂ ಬೆಳಕಿಗೆ ಬರುತ್ತಿರಲಿಲ್ಲ.

ಮನೆಮಾತಿನ ಪ್ರಶ್ನೆ

ನಾಡಿನ ಹೊರಗೆ ನೆಲಸಿರುವ ಕನ್ನಡಿಗರ ದೃಷ್ಟಿಯಿಂದ ಇನ್ನೊಂದು ಅಂಶವನ್ನು ಪರಿಗಣಿಸಬೇಕು. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗುವ ಕುಟುಂಬಗಳು ಅನೇಕ. ಅಂತಹ ಮನೆಯ ಎರಡು ವರ್ಷದ ಮಗುವಿಗೆ ಚಿತ್ರ ತೋರಿಸಿ, "ಹಸು ಎಲ್ಲಿದೆ?" ಎಂದು ಮರಾಠಿಯಲ್ಲೋ ತೆಲುಗಿನಲ್ಲೋ ಕೇಳಿದರೆ, ಅದು ಸುಮ್ಮನಿರಬಹುದು. ಅದನ್ನು ಬುದ್ಧಿಯ ಕೊರತೆಯೆಂದು ಬರೆದುಕೊಳ್ಳುವುದು ಅಳತೆಗೋಲಿನ ದೋಷವೇ ಹೊರತು ಮಗುವಿನದಲ್ಲ. ಕೆಲಸ ಮುಗಿದೊಡನೆ ಈ ಕುಟುಂಬಗಳು ಬೇರೆಡೆಗೆ ಹೋಗುವುದರಿಂದ ಎರಡನೆಯ ಸಮೀಕ್ಷೆಯ ವೇಳೆಗೆ ಅವು ಲೆಕ್ಕದಿಂದಲೇ ಮರೆಯಾಗುತ್ತವೆ. ಉಳಿದವರ ಸರಾಸರಿ ಮಾತ್ರ ವರದಿಯಲ್ಲಿ ಸೇರುತ್ತದೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2024ರಲ್ಲಿ ಹೊರತಂದ 'ನವಚೇತನ' ಮಾರ್ಗಸೂಚಿಯಲ್ಲಿ ಹುಟ್ಟಿನಿಂದ ಮೂರು ವರ್ಷಗಳವರೆಗೆ ಮನೆಯಲ್ಲಿಯೂ ಅಂಗನವಾಡಿಯಲ್ಲಿಯೂ ಮಾಡಬಹುದಾದ 140 ಚಟುವಟಿಕೆಗಳನ್ನು ವಯಸ್ಸಿಗನುಗುಣವಾಗಿ ಸೂಚಿಸಲಾಗಿದೆ. ಇವುಗಳನ್ನು ಬಳಸುವ ಮಹಿಳಾ ಮಂಡಲಗಳಿಗಾಗಲಿ ಸ್ವಯಂಸೇವಾ ಸಂಸ್ಥೆಗಳಿಗಾಗಲಿ ದೊಡ್ಡ ಪ್ರಯೋಗ ನಡೆಸುವ ಅನುಕೂಲವಿರಲಾರದು. ಆದರೂ ಕೆಲವನ್ನು ಅವು ಮಾಡಬಲ್ಲವು. ಎಲ್ಲ ಬಡಾವಣೆಗಳಲ್ಲಿ ಏಕಕಾಲಕ್ಕೆ ಆರಂಭಿಸಲು ಸಾಧ್ಯವಿಲ್ಲದಿದ್ದಲ್ಲಿ, ಮೊದಲ ಸರದಿ ಯಾರದೆಂದು ಚೀಟಿ ಎತ್ತಿ ನಿರ್ಧರಿಸಿದರೆ, ಕಾಯುತ್ತಿರುವ ಬಡಾವಣೆಯೇ ಹೋಲಿಕೆಗೆ ಒದಗುತ್ತದೆ. ಕಲಿಸಿದವರ ಬದಲು ಬೇರೊಬ್ಬರು, ಮಗುವಿನ ಮನೆಮಾತು ಬಲ್ಲವರು, ಮನೆಗೆ ಹೋಗಿ ನೋಡಬೇಕು. ಸಭೆಗೆ ಬರುವುದನ್ನು ಬಿಟ್ಟ ತಾಯಂದಿರ ಹೆಸರುಗಳನ್ನು ಪಟ್ಟಿಯಿಂದ ತೆಗೆಯದೆ, ಬಿಟ್ಟ ಕಾರಣವನ್ನು ಪ್ರತಿಯೊಂದು ಹೆಸರಿನ ಮುಂದೆ ಬರೆದಿಡಬೇಕು.